ಮೂವತ್ತನಾಲ್ಕು ಸಲ ‘ಇದೆ’

ಜನವರಿ ೯

ತಮ್ಮಾ,

ಗಂಟೆ ಬಾರಿಸಿತು, ಪರದೆ ಎದ್ದಿತು, ರಂಗದ ಮೇಲೆ ಐದು ರಟ್ಟಿನ ಪೆಟ್ಟಿಗೆಗಳು ಪ್ರವೇಶ ಮಾಡಿದವು! ಹನ್ನೊಂದು ಆಸ್ಪತ್ರೆಗಳಿಗೆ ಡಿಜಿಟಲ್ ವಿದ್ಯೆ ಕಲಿಸುವ ಮ್ಯಾನೇಜರ್ ಸಾಹೇಬರು, ಅಂದರೆ ನೀನು, ಕೇಂದ್ರ ಕಚೇರಿಯಿಂದ ಕಳಿಸಿದ ಟ್ಯಾಬ್ಲೆಟ್‌ಗಳು ನಿನ್ನೆ ನಮ್ಮ ನೆಲಮಾಳಿಗೆಗೆ ಬಂದಿಳಿದವು. ನಾವು ಆರು ಜನ ಹೆಂಗಸರು, ಟ್ಯಾಬ್ಲೆಟ್ ಐದು. “ಆರನೇದು ನನ್ನ ಹಣೇಲಿ ಬರೆದಿದೆಯಾ ನೋಡ್ರೇ” ಎಂದಳು ದೊಡ್ಡಮ್ಮ. ದೊಡ್ಡಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಅಕ್ಷರ ಬಾರದು, ಆದರೆ ಕಣ್ಣು ಮುಚ್ಚಿ ಮುಟ್ಟಿ ಇದು ಇಂಥದೇ ಚಿಮುಟ ಎಂದು ಹೇಳಬಲ್ಲಳು.

ತರಬೇತಿ ಕೊಡಲು ಬಂದವನು ಎರಡು ಗಂಟೆ ಮಾತಾಡಿದ. ಗೋಡೆಯ ಮೇಲೆ ಚಿತ್ರ ಬಿಟ್ಟ: ಒಂದು ಅಲೆ, ಅಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಲ್ಲು ಕಿರಿಯುವ ಮನುಷ್ಯ. “ಬದಲಾವಣೆ ಅನ್ನೋದೇ ಅಲೆ. ಸವಾರಿ ಮಾಡ್ತೀರಾ, ಮುಳುಗ್ತೀರಾ?” ಎಂದು ಕೇಳಿದ. ದೊಡ್ಡಮ್ಮ, “ನಮ್ಮದು ಕುದಿಯೋ ನೀರಪ್ಪಾ, ಮುಳುಗೋಕೆ ಮುಂಚೆ ಬೆಂದೇ ಹೋಗ್ತೀವಿ” ಅಂದಳು. ಅವನು ನಗಲಿಲ್ಲ. ಒದ್ದೆ ಕೈಗವಸಿನಲ್ಲಿ ಒತ್ತಿದರೆ ಗಾಜು ಕೇಳುವುದಿಲ್ಲ ಎಂದು ತೋರಿಸಿದೆವು. “ಬರ್ಕೊಂಡಿದೀನಿ” ಅಂದ. ಅವನ ಕೈಯಲ್ಲಿ ಪೆನ್ನೇ ಇರಲಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಬರೆದರೆ ನಿನ್ನ ಕಚೇರಿಯ ಮೂರು ಮಹಡಿಯವರೂ ಓದುತ್ತಾರಂತೆ. ಅದಕ್ಕೇ ಈ ಕಾಗದ. ನಮ್ಮ ಕೆಲಸವನ್ನು ನೀನು ನೋಡಿಲ್ಲ, ಹೇಳುತ್ತೇನೆ ಕೇಳು. ಆಪರೇಷನ್ ಮುಗಿದ ಮೇಲೆ ಉಪಕರಣಗಳ ತಟ್ಟೆ, ಅವನ್ನು ತೊಳೆದು ಶುದ್ಧಮಾಡುವ ನಮ್ಮ ಆವಿಕೋಣೆಗೆ ಲಿಫ್ಟಿನಲ್ಲಿ ಇಳಿಯುತ್ತದೆ. ದೊಡ್ಡ ತಟ್ಟೆಯಲ್ಲಿ ಮೂವತ್ತನಾಲ್ಕು. ಇಲ್ಲಿ ‘ಕೂಗು’ ನಡೆಯುತ್ತದೆ. ಒಬ್ಬಳು ಪಟ್ಟಿ ನೋಡಿ ಕೂಗುತ್ತಾಳೆ: “ಬಾಗು ಕತ್ತರಿ!” ಎದುರಿನವಳು ಅದನ್ನು ಮುಟ್ಟಿಯೇ ಹೇಳಬೇಕು: “ಇದೆ!” ಮುಟ್ಟದೆ ‘ಇದೆ’ ಅಂದವಳಿಗೆ ಆ ದಿನ ಎಲ್ಲರ ಲೋಟ ತೊಳೆಯುವ ಶಿಕ್ಷೆ. ಮೂವತ್ತನಾಲ್ಕೂ ಸಿಕ್ಕಿತು ಎಂದು ನಾವು ಫೋನಿನಲ್ಲಿ ಹೇಳುವವರೆಗೂ ಮೇಲಿನ ನರ್ಸು ರೋಗಿಯನ್ನು ಮೇಜಿನಿಂದ ಕದಲಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಕಂಡ ಪದ್ಧತಿ ಇದು. ನಮ್ಮಪ್ಪ ನಾಟಕ ಕಂಪನಿಯಲ್ಲಿ ಪರದೆಯ ಪಕ್ಕ ನಿಂತು ನಟರಿಗೆ ಮಾತು ಎತ್ತಿಕೊಡುತ್ತಿದ್ದನಲ್ಲ, ಆ ಗಂಟಲು ನನಗೆ ಬಂದಿದೆ. ನನ್ನ ಕೂಗು ಮೂರನೆಯ ಮಹಡಿಗೆ ಕೇಳುತ್ತದೆ ಎಂದು ದೂರು ಬಂದದ್ದೂ ಉಂಟು.

ಈಗ ಕೂಗಿನ ಬದಲು ಗಾಜಿನ ಮೇಲೆ ಗುರುತು ಹಾಕಬೇಕಂತೆ. ಹಾಕೋಣ. ಕಲಿಯಲು ನಮಗೆ ಹೆದರಿಕೆಯಿಲ್ಲ. ಆದರೆ ಪ್ರತಿಯೊಬ್ಬಳಿಗೂ ಒಂದು ಪಾಸ್‌ವರ್ಡು, ಹತ್ತು ದಿನಕ್ಕೊಮ್ಮೆ ಹೊಸದು, ಅದರಲ್ಲಿ ಅಂಕಿ, ಚಿಹ್ನೆ, ಇಂಗ್ಲಿಷಿನ ದೊಡ್ಡಕ್ಷರ. ಮೂಗಿಗಿಂತ ಮೂಗುತಿ ಭಾರ. ಒಂದೇ ಒಂದು ಪಾಳಿ ಬಂದು ನಮ್ಮ ಜೊತೆ ಕೂರು. ಒಂದೇ ಒಂದು.

ನಿನ್ನ ಅಕ್ಕ

&nbsp;

ಜನವರಿ ೨೧

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿ ಒಬ್ಬನೇ ನಕ್ಕೆ. ನೀನು ನಾಟಕ ಬರೆಯಬೇಕಿತ್ತು.

ಹೊಸದು ಬಂದಾಗ ಹೆದರಿಕೆ ಸಹಜ, ಅಕ್ಕ. ನಾನು ಓದಿದ ಪುಸ್ತಕಗಳೆಲ್ಲ ಹೇಳುವುದು ಒಂದೇ: ತಂಡಕ್ಕೆ ಧೈರ್ಯ ತುಂಬಬೇಕು, ಗುರಿ ಕೊಡಬೇಕು, ಗೆದ್ದವರನ್ನು ಎಲ್ಲರೆದುರು ಮೆಚ್ಚಬೇಕು. ಅದಕ್ಕೇ ಇಲ್ಲಿ ಒಂದು ದೊಡ್ಡ ಫಲಕ ಹಾಕಿದ್ದೇವೆ. ಯಾವ ವಿಭಾಗ ನಿಮಿಷಕ್ಕೆ ಎಷ್ಟು ಗುರುತು ಹಾಕುತ್ತದೆ ಎಂದು ಆ ಕ್ಷಣವೇ ಕಾಣುತ್ತದೆ. ಹನ್ನೊಂದು ಆಸ್ಪತ್ರೆಗಳಲ್ಲಿ ನಿಮ್ಮ ಆವಿಕೋಣೆ ಹನ್ನೊಂದನೆಯದು. ನಿನ್ನೆ ನಮ್ಮ ನಿರ್ದೇಶಕರು ಫಲಕದ ಮುಂದೆ ನಿಂತು, “ಇದು ನಿಮ್ಮಕ್ಕ ಇರೋ ವಿಭಾಗ ಅಲ್ವೇನ್ರೀ?” ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು. ನನ್ನ ಮುಖ ಎಲ್ಲಿಡಲಿ ಹೇಳು.

ಪಾಸ್‌ವರ್ಡಿನ ತಾಪತ್ರಯಕ್ಕೆ ಸದ್ಯಕ್ಕೊಂದು ದಾರಿ ಹೇಳುತ್ತೇನೆ. ಎಲ್ಲರೂ ನಿನ್ನ ಹೆಸರಿನಲ್ಲೇ ಒಳಗೆ ಹೋಗಿ ಗುರುತು ಹಾಕಲಿ. ನಿನ್ನ ಹೆಸರು, ನಿನ್ನ ಒಂದೇ ಪಾಸ್‌ವರ್ಡು. ಮುಂದಿನದನ್ನು ನಾನು ಸರಿಮಾಡಿಸುತ್ತೇನೆ, ನನ್ನ ಮೇಲೆ ಬಿಡು.

ಇನ್ನೊಂದು: ‘ತಿಂಗಳಿಗೊಂದು ಹೊಸ ಯೋಚನೆ’ ಎಂಬ ಸ್ಪರ್ಧೆ ಶುರುವಾಗಿದೆ. ನಿಮ್ಮಿಂದಲೂ ಒಂದು ಬರಲಿ. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ.

ನಿನ್ನ ತಮ್ಮ

ಮರೆತ ವಿಷಯ: ಪಾಳಿಗೆ ಬಂದು ಕೂರುವುದು ಈ ತಿಂಗಳು ಆಗಲಾರದು. ಸಭೆಗಳೇ ಮುಗಿಯುತ್ತಿಲ್ಲ.

&nbsp;

ಫೆಬ್ರವರಿ ೧೪

ತಮ್ಮಾ,

ಆಯಿತು, ಮಹಾಪ್ರಭು! ನಿನ್ನ ಮರ್ಯಾದೆಯನ್ನು ಒದ್ದೆ ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಜಾರದಿರಲಿ.

ನೀನು ಹೇಳಿದ ಹಾಗೇ ಮಾಡಿದೆವು. ನನ್ನ ಪಾಸ್‌ವರ್ಡನ್ನು ಕಾಗದದ ಚೂರಿನ ಮೇಲೆ ಬರೆದು, ತಟ್ಟೆಗೆ ಸುತ್ತುವ ಅಂಟುಪಟ್ಟಿಯಿಂದಲೇ ಗೋಡೆಗೆ ಅಂಟಿಸಿದ್ದೇವೆ. ಆವಿ ತಗುಲಿದರೆ ಆ ಪಟ್ಟಿಯ ಗೆರೆಗಳು ಕಪ್ಪಾಗುತ್ತವೆ. ಶುದ್ಧವಾಯಿತು ಎಂದು ನಮಗೆ ಗೊತ್ತಾಗುವುದು ಹಾಗೆ. ಕೋಣೆಯ ಆವಿಗೆ ಗೋಡೆಯ ಮೇಲಿನದೂ ಕಪ್ಪಾಗಿದೆ. “ಅಕ್ಕನ ಹೆಸರು ಶುದ್ಧವಾಯ್ತು, ಇನ್ನು ಮೇಲಕ್ಕೆ ಕಳಿಸಬಹುದು” ಎಂದು ಹುಡುಗಿಯರು ತಮಾಷೆ ಮಾಡುತ್ತಾರೆ. ನಾನು ನೀರು ಕುಡಿಯಲು ಹೋದಾಗಲೂ ನಾನು ಕೆಲಸ ಮಾಡುತ್ತಿರುತ್ತೇನೆ, ರಜೆ ಹಾಕಿದ ದಿನವೂ ಮಾಡುತ್ತಿರುತ್ತೇನೆ. ಇಂಥ ಪಾತ್ರ ನಮ್ಮಪ್ಪನ ಕಂಪನಿಯ ಯಾವ ನಟನಿಗೂ ಸಿಕ್ಕಿರಲಿಲ್ಲ.

ಈಗ ತಮಾಷೆ ಸಾಕು. ನಿನ್ನ ಸ್ಪರ್ಧೆಗೆ ಒಂದು ಯೋಚನೆ ಇದೆ. ನಾವು ಆರು ಜನರೂ ಕೂತು ಮಾಡಿದ್ದು. ಟ್ಯಾಬ್ಲೆಟ್ಟಿನ ನಮೂನೆಯಲ್ಲಿ ಐವತ್ತು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಚಿತ್ರವಂತೂ ಇಲ್ಲ. ಅದಕ್ಕೆ ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ.

ಟ್ಯಾಬ್ಲೆಟ್ಟನ್ನು ಕೈಯಲ್ಲಿ ಹಿಡಿಯುವುದು ಬೇಡ. ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ತೂಗುಹಾಕೋಣ. ಒಣ ಕೈಯವಳು ಅದರ ಮುಂದೆ ನಿಂತು ಕೂಗಲಿ, ಒದ್ದೆ ಕೈಯವಳು ಮುಟ್ಟಿ ‘ಇದೆ’ ಅನ್ನಲಿ, ಆಮೇಲೆ ಗುರುತು. ಒಂದು ವಸ್ತುವಿಗೆ ಗುರುತು ಬಿದ್ದ ಮೇಲಷ್ಟೇ ಇನ್ನೊಂದು ಕಾಣಿಸಲಿ. ಈಗ ಅದರಲ್ಲಿರುವುದು ಬರೀ ನಂಬರುಗಳು, ಅದರ ಬದಲು ಚಿತ್ರ ಇರಲಿ. ಆಗ ದೊಡ್ಡಮ್ಮನೂ ಗಾಜಿನ ಮುಂದೆ ನಿಲ್ಲಬಹುದು. ಮೂವತ್ತನಾಲ್ಕರ ಚಿತ್ರವನ್ನೂ ನಾನೇ ಬರೆದಿದ್ದೇನೆ; ರಕ್ತನಾಳ ಹಿಡಿಯುವ ಕ್ಲಾಂಪಿನ ಹಲ್ಲನ್ನು ದೊಡ್ಡಮ್ಮ ಮೂರು ಸಲ ತಿದ್ದಿಸಿದಳು. “ನನ್ನನ್ನೂ ಸೇರಿಸ್ಕೊಳ್ತಾರೇನೇ?” ಎಂದು ದಿನಾ ಕೇಳುತ್ತಾಳೆ. ಐವತ್ತೇಳು ವರ್ಷದವಳು ಹೊಸದನ್ನು ಕಲಿಯಲು ಹೀಗೆ ಹಾತೊರೆಯುವುದನ್ನು ನಿನ್ನ ಪುಸ್ತಕದಲ್ಲಿ ಓದಿದ್ದೀಯಾ?

ಉತ್ತರ ಬರೆ. ಆರು ಜನ ಕಾಯುತ್ತಿದ್ದೇವೆ.

ನಿನ್ನ ಅಕ್ಕ

&nbsp;

ಮಾರ್ಚ್ ೩

ಪ್ರೀತಿಯ ಅಕ್ಕ,

ಎಂಥ ಸುದ್ದಿ! ಫೆಬ್ರವರಿಯ ಬಹುಮಾನ ನಿಮ್ಮ ವಿಭಾಗಕ್ಕೇ!

ನಿನ್ನ ಚಿತ್ರದ ಹಾಳೆಗಲ್ಲ. ಅದು ತುಂಬಾ ಮುದ್ದಾಗಿದೆ, ಫೈಲಿನಲ್ಲಿ ಇಟ್ಟಿದ್ದೇನೆ. ಆದರೆ ಒಂದೊಂದೇ ವಸ್ತು, ಇಬ್ಬಿಬ್ಬರು ಜನ ಎಂದರೆ ವೇಗ ಕಡಿಮೆಯಾಗುತ್ತದೆ, ಫಲಕದಲ್ಲಿ ಕಾಣುವುದು ವೇಗ ಒಂದೇ. ಬಹುಮಾನ ಬಂದಿರುವುದು ನೀವು ‘ಚುರುಕಿ’ ಎಂದು ಕರೆಯುತ್ತೀರಲ್ಲ, ಆಕೆಗೆ. ತಟ್ಟೆಯ ಶೀರ್ಷಿಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಮೂವತ್ತನಾಲ್ಕಕ್ಕೂ ಒಟ್ಟಿಗೇ ಹಸಿರು ಗುರುತು ಬೀಳುತ್ತದೆ ಎಂದು ಕಂಡುಹಿಡಿದವಳು ಅವಳೇ! ತಂತ್ರಾಂಶ ಮಾಡಿದವರಿಗೂ ಅದು ಹೊಳೆದಿರಲಿಲ್ಲ. ಹನ್ನೊಂದೂ ಆಸ್ಪತ್ರೆಗಳಿಗೆ ಸುತ್ತೋಲೆ ಹೋಗಿದೆ. ನಿಮ್ಮ ವಿಭಾಗ ಈಗ ಎರಡನೆಯ ಸ್ಥಾನದಲ್ಲಿದೆ, ಅಕ್ಕ, ಎರಡನೆಯದು! ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ಬಡ್ತಿಯ ಮಾತೂ ಬಂತು.

ನೋಡು, ಧೈರ್ಯ ಕೊಟ್ಟರೆ ನಿನ್ನ ತಂಡ ಏನು ಬೇಕಾದರೂ ಮಾಡುತ್ತದೆ.

ನಿನ್ನ ತಮ್ಮ

&nbsp;

ಮಾರ್ಚ್ ೧೯

ತಮ್ಮಾ,

ಬಹುಮಾನದ ಫೋಟೋ ನಿನ್ನ ಫಲಕದಲ್ಲಿ ಬಂದಿರಬೇಕು. ಅದರಲ್ಲಿ ಚುರುಕಿಯ ಮುಖ ನೋಡಿದೆಯಾ? ಶಿಕ್ಷೆಗೆ ನಿಂತವಳ ಹಾಗಿದ್ದಾಳೆ. ಮೂವತ್ತು ದಾಟಿದ, ಎರಡು ಮಕ್ಕಳ ತಾಯಿ, ಕೈಲಿ ಪ್ರಶಸ್ತಿಪತ್ರ ಹಿಡಿದು ನೇರ ನನ್ನ ಹತ್ತಿರ ಬಂದಳು.

“ಅಕ್ಕಾ, ನಾನೇನೂ ಕಂಡುಹಿಡೀಲಿಲ್ಲ. ಬೆವರು ಒರೆಸ್ಕೊಳ್ಳೋವಾಗ ಬೆರಳು ಅಲ್ಲೇ ಉಳೀತು, ಎಲ್ಲಾ ಹಸಿರಾಗೋಯ್ತು. ಹಾಳಾಯ್ತೇನೋ ಅಂತ ಭಯವಾಗಿ ಮೇಲ್ವಿಚಾರಕರಿಗೆ ಹೇಳ್ದೆ. ಅವರು ಬಹುಮಾನ ಕೊಟ್ಬಿಟ್ರು!”

“ಹಾಳಾಗಿದ್ದೇ ನಿಜ ಕಣೇ. ಹಾಳು ಮಾಡೋದನ್ನ ಈಗ ಹೊಸ ಯೋಚನೆ ಅಂತಾರೆ” ಅಂದೆ. ಅವಳು ಅತ್ತಳು. ಹಾಗೆ ಅನ್ನಬಾರದಿತ್ತು, ಅವಳದೇನು ತಪ್ಪು?

ಇನ್ನೊಂದು ಅಂಕ ಕೇಳು. ನಾವು ಇಷ್ಟು ವೇಗವಾದೆವಲ್ಲ, ಹಾಗಾದರೆ ಆರು ಜನ ಯಾಕೆ ಎಂದು ಯಾರೋ ಮೇಲಿನವರು ಕೇಳಿದರಂತೆ. ಈಗ ನಾಲ್ವರು. ಮೊದಲು ಹೋದವಳು ದೊಡ್ಡಮ್ಮ. ಕಾರಣ ಏನು ಬರೆದಿದ್ದಾರೆ ಗೊತ್ತೇ? ‘ಡಿಜಿಟಲ್ ಸಾಕ್ಷರತೆ ಸಾಧಿಸಿಲ್ಲ.’ ಕೈಗವಸು ಬಿಚ್ಚಿ ಮಡಿಸಿಟ್ಟಳು. “ಚಿತ್ರದ ಹಾಳೆ ಏನಾಯ್ತೇ?” ಎಂದಳು. ಫೈಲಿನಲ್ಲಿದೆ ಎಂದೆ. “ಹಾಗಾದ್ರೆ ಭದ್ರವಾಗಿದೆ ಬಿಡು” ಅಂದಳು. ವ್ಯಂಗ್ಯವಲ್ಲ, ತಮ್ಮಾ. ನಂಬಿ ಹೇಳಿದ ಮಾತು.

ನಾಲ್ವರಿಂದ ಕೂಗು ನಡೆಯುವುದಿಲ್ಲ. ತಟ್ಟೆಗಳು ಸಾಲುಗಟ್ಟಿ ಬರುತ್ತವೆ, ಎರಡು ನಿಮಿಷ ತಡವಾದರೆ ಫಲಕ ಕೆಂಪಾಗುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ. ಮೇಲಿನ ನರ್ಸೂ ಈಗ ನಮ್ಮ ಫೋನಿಗೆ ಕಾಯುವುದಿಲ್ಲ, ತನ್ನ ಗಾಜಿನಲ್ಲಿ ಹಸಿರು ಕಂಡರೆ ರೋಗಿಯನ್ನು ಕಳಿಸಿಬಿಡುತ್ತಾಳೆ. ಬೇರೆಯವರನ್ನು ಯಾಕೆ ಆಡಿಕೊಳ್ಳಲಿ? ಮೊನ್ನೆ ಮಂಗಳವಾರ ಏಳು ತಟ್ಟೆ ಒಟ್ಟಿಗೆ ಬಂದಾಗ ನಾನೂ ಬೆರಳು ಒತ್ತಿ ಹಿಡಿದೆ. ಇಪ್ಪತ್ತೆರಡು ವರ್ಷ ಕೂಗಿದವಳು, ಒಂದು ಬೆರಳಲ್ಲಿ ಏಳು ಸಲ ಸುಳ್ಳು ಹೇಳಿದೆ. ಆಮೇಲೆ ಎಣಿಸಿದೆ, ಎಲ್ಲವೂ ಇದ್ದವು. ಇದ್ದವು ಅನ್ನುವುದು ನಮ್ಮ ಪುಣ್ಯ, ಪದ್ಧತಿಯಲ್ಲ.

ಎಲ್ಲಕ್ಕೂ ಒಟ್ಟಿಗೇ ಗುರುತು ಹಾಕುವ ಆ ಗುಂಡಿಯನ್ನು ತೆಗೆಸು. ಹೆಸರುಗಳನ್ನು ಬೇರೆ ಮಾಡಿಸು. ಇದನ್ನು ಅಕ್ಕನ ಮಾತು ಎಂದು ಕೇಳಬೇಡ, ಕೆಲಸ ಬಲ್ಲವಳ ಮಾತು ಎಂದು ಕೇಳು.

ನಿನ್ನ ಅಕ್ಕ

&nbsp;

ಏಪ್ರಿಲ್ ೨೮

ತಮ್ಮಾ,

ಹಿಂದಿನ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಈಗ ಬರೆಯಬೇಕಾಗುತ್ತದೆ.

ಆಗಬಾರದ್ದು ಆಯಿತು. ಒಬ್ಬ ದರ್ಜಿ, ನಲವತ್ತು ವರ್ಷದವನು, ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದ. ತಟ್ಟೆ ಕೆಳಗೆ ಇಳಿಯುವಾಗ ಅದರಲ್ಲಿ ಇದ್ದದ್ದು ಮೂವತ್ತಮೂರು. ನಮ್ಮ ಗಾಜು ಮೂವತ್ತನಾಲ್ಕೂ ಹಸಿರು ಎಂದಿತು. ಒಂದು ಕ್ಲಾಂಪು ಅವನ ಹೊಟ್ಟೆಯೊಳಗೇ ಉಳಿದು, ಹದಿಮೂರು ದಿನದ ಮೇಲೆ ಜ್ವರದಲ್ಲಿ ಮತ್ತೆ ಹೊಟ್ಟೆ ಕೊಯ್ಯಬೇಕಾಯಿತು. ಬದುಕಿದ್ದಾನೆ. ಆದರೆ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರಲು ಅವನಿಂದ ಆಗುವುದಿಲ್ಲವಂತೆ. ಅಂದು ಕೂಗಿದ್ದರೆ ‘ಇಲ್ಲ’ ಎಂಬ ಮಾತು ಆ ಕ್ಷಣವೇ ಮೇಲೆ ಹೋಗುತ್ತಿತ್ತು. ಅವನು ಇನ್ನೂ ಮೇಜಿನ ಮೇಲೇ ಇದ್ದ.

ದಾಖಲೆ ತೆಗೆದರು. ಬೆಳಿಗ್ಗೆ ಹನ್ನೊಂದು ನಲವತ್ತು, ಗುರುತು ಹಾಕಿದವಳು ನಾನು. ಆ ಹೊತ್ತಿಗೆ ನಾನು ಆವಿಯಂತ್ರದ ಮೆಕ್ಯಾನಿಕ್ ಜೊತೆ ಆಚೆಯ ಮೊಗಸಾಲೆಯಲ್ಲಿದ್ದೆ. ಒತ್ತಿದ್ದು ಯಾರೆಂದು ನನಗೆ ಗೊತ್ತಿಲ್ಲ. ನಾಲ್ವರಲ್ಲಿ ಯಾರಿಗೂ ಗೊತ್ತಿಲ್ಲ, ದಿನಕ್ಕೆ ನೂರು ಸಲ ಒತ್ತುವ ಕೈಗೆ ಯಾವ ಸಲ ಎಂದು ನೆನಪಿರುತ್ತದೆಯೇ? ಗೊತ್ತಿರುವುದು ಒಂದೇ, ಎಲ್ಲರೂ ನನ್ನ ಹೆಸರಿನಲ್ಲಿ ಯಾಕೆ ಒತ್ತುತ್ತಿದ್ದರು ಎಂಬುದು. ಅದು ನಿನಗೂ ಗೊತ್ತು.

ಮೇ ಹನ್ನೆರಡಕ್ಕೆ ವಿಚಾರಣೆ. ಟ್ಯಾಬ್ಲೆಟ್ ಯೋಜನೆಯ ವಿವರಣೆ ಕೊಡಲು ಕೇಂದ್ರ ಕಚೇರಿಯಿಂದ ಒಬ್ಬರು ಬರುತ್ತಾರೆ ಎಂದು ನೋಟೀಸಿನಲ್ಲಿದೆ. ಹೆಸರು ನಿನ್ನದು.

ಭಾಷಣ ಬೇಡ. ಒಂದು ವಾಕ್ಯ ಸಾಕು: ‘ಹಾಗೆ ಮಾಡಲು ಹೇಳಿದವನು ನಾನು.’

ಅಕ್ಕ

&nbsp;

ಮೇ ೪

ಅಕ್ಕ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಾನು ನಿನ್ನನ್ನು ಕೈಬಿಡುತ್ತೇನೆಯೇ? ಯೋಚಿಸು. ನಾನು ಬಿದ್ದರೆ ಇಬ್ಬರೂ ಬಿದ್ದ ಹಾಗೆ. ನಾನು ಒಳಗಿದ್ದರೆ ನಿನಗೆ ಏನಾದರೂ ಮಾಡಬಹುದು. ನಿರ್ದೇಶಕರ ಜೊತೆ ಸೂಕ್ಷ್ಮವಾಗಿ ಮಾತಾಡಿದ್ದೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀನು ಹೆಚ್ಚು ವಾದಿಸದಿದ್ದರೆ ವಜಾ ಮಾಡುವುದಿಲ್ಲ, ಅವಧಿಗೆ ಮುಂಚೆ ನಿವೃತ್ತಿ ಎಂದು ಬರೆಯುತ್ತಾರೆ. ಹೇಗೂ ನಿನಗೆ ಮೊಣಕಾಲು ನೋವು.

ಜನವರಿಯಲ್ಲಿ ನಾನು ಬರೆದ ಕಾಗದ ನಿನ್ನ ಹತ್ತಿರ ಇನ್ನೂ ಇದೆಯೇ? ಅವಸರದಲ್ಲಿ ಬರೆದದ್ದು, ಓದಿದವರು ತಪ್ಪು ತಿಳಿಯಬಹುದು. ಹರಿದುಹಾಕು. ಈ ಕಾಗದವನ್ನೂ.

ವಿಚಾರಣೆಯಲ್ಲಿ ನಾನು ಮಾತಾಡುತ್ತೇನೆ, ನನ್ನ ರೀತಿಯಲ್ಲಿ.

ತಮ್ಮ

&nbsp;

ಮೇ ೧೫

ತಮ್ಮಾ,

ನೀನು ಎದುರಿಗೇ ಕೂತಿದ್ದೆ, ಆದರೂ ನಡೆದದ್ದನ್ನು ಬರೆಯುತ್ತೇನೆ. ನೀನು ಇಡೀ ಹೊತ್ತು ಮೇಜಿನ ಮೇಲಿನ ನೀರಿನ ಬಾಟಲಿಯನ್ನೇ ನೋಡುತ್ತಿದ್ದೆಯಲ್ಲ, ಕೆಲವು ದೃಶ್ಯ ನಿನಗೆ ತಪ್ಪಿರಬಹುದು.

ರಂಗ: ಎರಡನೆಯ ಮಹಡಿಯ ಸಭಾಕೋಣೆ. ಉದ್ದನೆಯ ಮೇಜು, ಮೇಜಿನಾಚೆ ಮೂವರು, ಅವರ ಬಲಕ್ಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ನೀನು. ಈಚೆ ಒಂದೇ ಕುರ್ಚಿ, ಅದರಲ್ಲಿ ನಾನು, ತೊಡೆಯ ಮೇಲೆ ಕೈಚೀಲ. ಕೈಚೀಲದೊಳಗೆ ಜನವರಿ ಇಪ್ಪತ್ತೊಂದರ ನಿನ್ನ ಕಾಗದ. ಹೌದು, ಹರಿದಿರಲಿಲ್ಲ.

ಅಧ್ಯಕ್ಷರು ಒಳ್ಳೆಯ ಮನುಷ್ಯನೇ. “ಅಮ್ಮಾ, ನಾಲ್ಕು ಜನರೂ ನಿಮ್ಮ ಹೆಸರಲ್ಲೇ ಯಾಕೆ ಒಳಗೆ ಹೋಗ್ತಿದ್ರಿ? ಯಾರು ಹೇಳಿದ್ರು?” ಎಂದು ಕೇಳಿದರು.

ನಾನು ನಿನ್ನ ಕಡೆ ನೋಡಿದೆ. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? ನಟ ಮಾತು ಮರೆತರೆ ತಕ್ಷಣ ಎತ್ತಿಕೊಡಬಾರದು, ಮೂರು ಉಸಿರು ಕಾಯಬೇಕು, ಅವನಿಗೇ ನೆನಪಾಗುವ ಅವಕಾಶ ಕೊಡಬೇಕು. ಕಾದೆ. ಒಂದು. ಎರಡು. ಮೂರು. ನೀನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಆಗ ನಾನೇ ಎತ್ತಿಕೊಟ್ಟೆ, “ಕೇಂದ್ರ ಕಚೇರಿಯಿಂದ ಹೇಳಿದ್ರು, ಸಾರ್.”

ಅವರು ನಿನ್ನತ್ತ ತಿರುಗಿದರು. “ಹೌದೇನ್ರೀ?”

ನೀನು ಅಂದೆ: “ಅಂಥ ಯಾವ ಲಿಖಿತ ಸೂಚನೆಯೂ ನಮ್ಮ ಕಚೇರಿಯ ಕಡತದಲ್ಲಿ ಇಲ್ಲ, ಸಾರ್.”

ಭಲೇ! ಎಂಥ ಮಾತು! ಒಂದು ಅಕ್ಷರವೂ ಸುಳ್ಳಲ್ಲ. ಕಡತದಲ್ಲಿಲ್ಲ, ನನ್ನ ಕೈಚೀಲದಲ್ಲಿತ್ತು. ಚಿಕ್ಕಂದಿನಲ್ಲಿ ಎರಡು ಸಾಲು ನೆನಪಿಟ್ಟುಕೊಳ್ಳಲಾರದೆ ರಂಗದಿಂದ ಓಡಿಹೋಗಿದ್ದ ಹುಡುಗ ಅಂದು ಒಂದು ಸಾಲನ್ನು ತಪ್ಪಿಲ್ಲದೆ ಒಪ್ಪಿಸಿದ.

ಯಾಕೆ ತೆಗೆಯಲಿಲ್ಲ ಎಂದು ನೀನು ಆಶ್ಚರ್ಯಪಟ್ಟಿರಬಹುದು. ನನಗೂ ಗೊತ್ತಿಲ್ಲ. ಕೈ ಚೀಲದ ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ಪ್ರೀತಿ ಎಂದು ತಿಳಿದು ಹಿಗ್ಗಬೇಡ. ನಾಚಿಕೆ ಇರಬೇಕು. ಇಷ್ಟು ಜನರೆದುರು ನನ್ನ ಮನೆಯ ಹುಣ್ಣನ್ನು ಬಿಚ್ಚಿ ತೋರಿಸುವ ನಾಚಿಕೆ.

ನೀನು ಹೇಳಿದಂತೆಯೇ ಬರೆದರು: ಅವಧಿಗೆ ಮುಂಚೆ ನಿವೃತ್ತಿ. ಕಾರಣದ ಜಾಗದಲ್ಲಿ ‘ಕರ್ತವ್ಯಲೋಪ’. ನಿನ್ನ ಸೂಕ್ಷ್ಮ ಮಾತುಕತೆಗೆ ಸಿಕ್ಕಿದ್ದು ಇಷ್ಟು.

ಹೊರಡುವಾಗ ಕೋಣೆಗೆ ಹೋಗಿದ್ದೆ. ಗೋಡೆಯ ಮೇಲೆ ನನ್ನ ಕೊನೆಯ ಪಾಸ್‌ವರ್ಡು ಇನ್ನೂ ಅಂಟಿಕೊಂಡಿತ್ತು. ಚುರುಕಿ ಅದನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ನನ್ನ ಅಂಗೈಯಲ್ಲಿಟ್ಟಳು.

ಅಕ್ಕ

&nbsp;

ಆಗಸ್ಟ್ ೩೦

ಪ್ರೀತಿಯ ಅಕ್ಕ,

ಮೂರೂವರೆ ತಿಂಗಳು. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹೇಗಿದ್ದೀಯ? ಮೊಣಕಾಲು?

ಕೇಳಿದರೆ ನಿನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ. ‘ಎರಡು ದನಿಯ ಪರಿಶೀಲನೆ’ ಎಂಬ ಹೊಸ ಪದ್ಧತಿ ಈ ತಿಂಗಳಿನಿಂದ ಜಾರಿಯಾಗಿದೆ. ಗೋಡೆಗೆ ತೂಗುಹಾಕಿದ ಟ್ಯಾಬ್ಲೆಟ್, ನಂಬರಿನ ಬದಲು ಚಿತ್ರ, ಒಬ್ಬರು ಕೂಗಬೇಕು, ಇನ್ನೊಬ್ಬರು ಮುಟ್ಟಬೇಕು, ಒಂದರ ನಂತರ ಒಂದು. ಆ ಗುಂಡಿ ತೆಗೆಸಿದ್ದೇನೆ. ಪ್ರತಿಯೊಬ್ಬರಿಗೂ ಬೇರೆ ಹೆಸರು. ವೇಗದ ಫಲಕವನ್ನೂ ಇಳಿಸಿದೆವು. ನಿನ್ನ ಹಾಳೆಯ ಚಿತ್ರಗಳನ್ನೇ ಬಳಸಿದ್ದೇವೆ, ಅಕ್ಕ! ಹನ್ನೊಂದೂ ಆಸ್ಪತ್ರೆಗಳಲ್ಲಿ.

ನಿನ್ನ ಹೆಸರು ಹಾಕಲು ಆಗಲಿಲ್ಲ. ವಿಚಾರಣೆಯ ಕಡತದಲ್ಲಿ ಇರುವ ಹೆಸರು ಎಂದು ಮೇಲಿನವರು ಒಪ್ಪಲಿಲ್ಲ. ‘ತಂಡದ ಕೊಡುಗೆ’ ಎಂದು ಹಾಕಿದ್ದೇವೆ. ಮಂಡಿಸಿದವನು ನಾನಾದ್ದರಿಂದ ಪ್ರಶಸ್ತಿಯನ್ನು ನನ್ನ ಕೈಗೆ ಕೊಟ್ಟರು. ಈಗ ನಾನು ತರಬೇತಿ ವಿಭಾಗಕ್ಕೇ ಮುಖ್ಯಸ್ಥ. ಒಳಗಿದ್ದರೆ ಏನಾದರೂ ಮಾಡಬಹುದು ಎಂದಿದ್ದೆನಲ್ಲ, ಮಾಡಿದೆ.

ನೀನು ಬಂದು ಹೊಸಬರಿಗೆ ಒಂದು ದಿನ ಕೂಗುವುದನ್ನು ಹೇಳಿಕೊಡಬಹುದೇ? ಅತಿಥಿ ಎಂದು ಕರೆಸುತ್ತೇನೆ. ಒಂದು ನಮೂನೆ ತುಂಬಬೇಕು, ಆನ್‌ಲೈನಿನಲ್ಲಿ.

ಮತ್ತೆ, ಆ ಕಾಗದ. ಅದು ಭದ್ರವಾಗಿದೆ ತಾನೇ?

ನಿನ್ನ ತಮ್ಮ

&nbsp;

ಸೆಪ್ಟೆಂಬರ್ ೧೧

ತಮ್ಮಾ,

ಕೊನೆಯ ಅಂಕ. ಗದ್ದಲ ಮಾಡದೆ ಕೇಳು.

ನಿನ್ನ ‘ಎರಡು ದನಿ’ಯ ಸುದ್ದಿ ನನಗೆ ಮೊದಲೇ ಬಂದಿತ್ತು. ಚುರುಕಿ ಬಂದು ಹೇಳಿದಳು. “ಅಕ್ಕಾ, ಕ್ಲಾಂಪಿನ ಚಿತ್ರ ನೋಡಿದ ತಕ್ಷಣ ಗೊತ್ತಾಯ್ತು. ಆ ಹಲ್ಲು ದೊಡ್ಡಮ್ಮ ತಿದ್ದಿಸಿದ್ದಲ್ವಾ?” ಅಂದಳು. ನಾವಿಬ್ಬರೂ ಹೋಗಿ ದೊಡ್ಡಮ್ಮನಿಗೂ ಹೇಳಿದೆವು. ಬಾಗಿಲ ಮೆಟ್ಟಿಲ ಮೇಲೆ ಕೂತು ಕೇಳಿದಳು. “ಹನ್ನೊಂದು ಕಡೆಯಾ?” ಎಂದಳು. ಬೆರಳಲ್ಲಿ ಹನ್ನೊಂದು ಎಣಿಸಿದಳು. “ಹಾಗಾದ್ರೆ ನನ್ನನ್ನ ಯಾಕೆ ಕಳಿಸಿದ್ರೇ?” ಈ ಪ್ರಶ್ನೆಯನ್ನು ನಿನ್ನ ನಮೂನೆಯಲ್ಲಿ ತುಂಬು. ಐವತ್ತು ಪದ ಮೀರುವುದಿಲ್ಲ.

ಇನ್ನೊಬ್ಬ ಬಂದಿದ್ದ. ಸೆಪ್ಟೆಂಬರ್ ಮೂರನೆಯ ತಾರೀಕು, ಮಧ್ಯಾಹ್ನ. ತೆಳ್ಳಗಿನ ಮನುಷ್ಯ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಹೆಂಡತಿಯ ಭುಜದ ಮೇಲೆ. ಗುರುತು ಹೇಳಬೇಕಾಗಲಿಲ್ಲ. ಕುರ್ಚಿ ಕೊಟ್ಟೆ. ಕೂರಲು ಅವನಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿನ್ನ ಫಲಕದಲ್ಲಿ ಹಾಕುವಂತಿದ್ದರೆ!

ಜಗಳಕ್ಕೆ ಬಂದಿರಲಿಲ್ಲ. “ಅಮ್ಮಾ, ನಾಲ್ಕು ತಿಂಗಳಿಂದ ಕೇಳ್ತಿದೀನಿ. ಒಬ್ಬರು ನರ್ಸು ಅಂತಾರೆ, ಒಬ್ಬರು ಗಾಜು ಅಂತಾರೆ, ಒಬ್ಬರು ನಿಮ್ಮ ಹೆಸರು ಹೇಳ್ತಾರೆ. ನಂಗೆ ಜಗಳ ಬೇಡ. ಏನಾಯ್ತು ಅಂತ ಮೊದಲಿಂದ ಕೊನೇವರೆಗೆ ಯಾರಾದ್ರೂ ಒಬ್ಬರು ಹೇಳಿ” ಅಂದ.

ಹೇಳಿದೆ. ಕೂಗಿನಿಂದ ಶುರುಮಾಡಿ ಹೇಳಿದೆ. ಆ ಮಂಗಳವಾರ ನಾನೂ ಏಳು ಸಲ ಒತ್ತಿದ್ದನ್ನು ಹೇಳಿದೆ. ಅವನ ಹೆಂಡತಿ ಮುಖ ತಿರುಗಿಸಿದಳು, ತಿರುಗಿಸಬೇಕಾದದ್ದೇ. ವಿಚಾರಣೆಯಲ್ಲಿ ಚೀಲದ ಬಾಯಿಗೆ ಹೋಗಿ ನಿಂತ ಕೈಯ ವಿಷಯವನ್ನೂ ಹೇಳಿದೆ. ಅಂದು ನಿಂತ ಕೈ ಈಗ ನಿಲ್ಲಲಿಲ್ಲ. ಜನವರಿ ಇಪ್ಪತ್ತೊಂದರ ಕಾಗದವನ್ನು ತೆಗೆದು ಅವನ ಕೈಯಲ್ಲಿಟ್ಟೆ. ಅದರ ಹಿಂದೆ ಮೇ ನಾಲ್ಕರದನ್ನೂ.

ನಿಧಾನವಾಗಿ ಓದಿದ. ಓದಿ, “ಇದು ನಿಮ್ಮ ತಮ್ಮನ ಬರಹಾನಾ?” ಎಂದ.

“ಹೌದಪ್ಪಾ, ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ” ಅಂದೆ.

“ಇದನ್ನ ಕೊಟ್ರೆ ನಿಮಗೆ…” ಎಂದು ನಿಲ್ಲಿಸಿದ. ಹೊಟ್ಟೆಯ ಮೇಲಿನ ಕೈಯನ್ನು ತೆಗೆಯದೆ ನನ್ನ ಬಗ್ಗೆ ಯೋಚಿಸುತ್ತಿದ್ದ, ಆ ಮನುಷ್ಯ. ನೀನು ಇಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಇಂಥದ್ದು ಇಲ್ಲದಿದ್ದರೆ ಮಾರಿಬಿಡು.

ಅವನು ಅದನ್ನು ಕೊಡಬೇಕಾದ ಕಡೆ ಕೊಟ್ಟಿದ್ದಾನೆ. ಹೊಸದಾಗಿ ವಿಚಾರಣೆ ಮಾಡುತ್ತಾರಂತೆ. ನಿನ್ನೆ ನನಗೆ ನೋಟೀಸು ಬಂತು. ನಿನಗೂ ಬಂದಿರುತ್ತದೆ, ಅಥವಾ ಈ ಕಾಗದದ ಹಿಂದೆಯೇ ಬರುತ್ತದೆ. ನಾನು ಏಳು ಸಲದ ಮಾತನ್ನೂ ಅಲ್ಲಿ ಹೇಳುತ್ತೇನೆ, ನನ್ನದನ್ನು ಮುಚ್ಚಿಟ್ಟು ನಿನ್ನದನ್ನು ತೋರಿಸುವುದಿಲ್ಲ. ಕೂಗು ಕಲಿಸಲು ಅತಿಥಿಯಾಗಿ ಬರುವುದಿಲ್ಲ. ಕಲಿಸಬೇಕಾದವಳು ದೊಡ್ಡಮ್ಮ, ಅವಳಿಗೆ ಕೆಲಸ ಕೊಟ್ಟು ಕರೆಸು, ಆ ಕುರ್ಚಿಯಲ್ಲಿ ನೀನು ಇನ್ನೂ ಕೂತಿದ್ದರೆ.

ಕಾಗದ ಮುಗಿಸುವ ಮುಂಚೆ, ಅಭ್ಯಾಸಬಲ, ಒಂದು ಸಲ ಕೂಗಿ ಪರೀಕ್ಷಿಸಿದೆ. ಮನೆ ಖಾಲಿಯಿತ್ತು, ಗಂಟಲು ಬಿಟ್ಟೇ ಕೂಗಿದೆ.

ಅಪ್ಪನ ಹಳೆಯ ನಾಟಕದ ಪ್ರತಿ? ಇದೆ.

ಮಡಚಿದ ಪಾಸ್‌ವರ್ಡಿನ ಚೀಟಿ? ಇದೆ.

ಮೊಣಕಾಲು ನೋವು? ಇದೆ.

ತಮ್ಮ?

ಇಲ್ಲಿಂದ ನಿನ್ನನ್ನು ಮುಟ್ಟಲಾಗುವುದಿಲ್ಲ. ಮುಟ್ಟದೆ ‘ಇದೆ’ ಅನ್ನುವುದನ್ನು ನಾನು ಬಿಟ್ಟಿದ್ದೇನೆ.

ಅಕ್ಕ